ಕುಚ್ಚಲಕ್ಕಿ ಬೇಯುವಷ್ಟು ಹೊತ್ತು

ಪ್ರಾರ್ಥನೆಗೆ ಬೇರೆ ಹೊತ್ತು ಹುಡುಕಬೇಡಿ. ದಿನಾ ತಪ್ಪದ ಒಂದು ಕೆಲಸಕ್ಕೆ ಅದನ್ನು ಜೋಡಿಸಿ. ಮಂಗಳೂರಿನ ಬಲ್ಮಠದ ನಮ್ಮ ಮನೆಯಲ್ಲಿ ಬೆಳಿಗ್ಗೆ ಆರಕ್ಕೆ ಕುಚ್ಚಲಕ್ಕಿ ಒಲೆ ಮೇಲಿಡುತ್ತೇನೆ. ಬೇಯಲು ಮುಕ್ಕಾಲು ಗಂಟೆ ಬೇಕೇ ಬೇಕು. ಆ ಹೊತ್ತು ದೇವರದು.

ಮೊದಲು ಬೈಬಲಿನ ಒಂದು ಕೀರ್ತನೆ ಗಟ್ಟಿಯಾಗಿ ಓದಿ. 150 ಇವೆ, ದಿನಕ್ಕೊಂದಾದರೆ ಐದು ತಿಂಗಳು. ದಾರಿ ಕಾಣದಿದ್ದರೆ 25ನೆಯದು ಓದಿ.

ಆಮೇಲೆ ಬಿಡಿಸಿ ಕೇಳಿ. ಮಗಳಿಗೆ ದೂರದೂರಲ್ಲಿ ಕೆಲಸ ಸಿಕ್ಕಾಗ "ಕಳಿಸಲಾ, ಬೇಡ್ವಾ ಕರ್ತನೇ" ಅಂತ ಹನ್ನೊಂದು ದಿನ ಕೇಳಿದ್ದೆ. ಉತ್ತರ ಕಿವಿಗೆ ಬೀಳಲಿಲ್ಲ. ಹೆದರಿಕೆ ಮಾತ್ರ ದಿನದಿನಕ್ಕೆ ಇಳಿಯಿತು. ನಮ್ಮ ಚರ್ಚಿನ ಸಭಾಪಾಲಕರ ಹತ್ತಿರವೂ ಮಾತಾಡಿ, ಕಳಿಸಿದೆ.

ಕೊನೆಗೆ ಎರಡು ನಿಮಿಷ ಸುಮ್ನೆ ಕೂತಿರಿ. ಜಾಸ್ತಿ ಜನ ಬಿಡುವುದು ಇದನ್ನೇ. ಗಂಜಿ ಕೊತಕೊತ ಅನ್ನುವುದಷ್ಟೇ ಕೇಳಲಿ.

ಒಂದು ದಿನ ತಪ್ಪಿತಾ? ಮಾರನೇ ದಿನ ಅಕ್ಕಿ ತೊಳೆಯುವಾಗಲೇ ಶುರು ಮಾಡಿ.