ಹೊಸ ಮನೆಗೆ ಬೂಷ್ಟಿನ ಔಷಧ ಹೊಡೆಸುವ ಮೊದಲು

ಪಂಚಮಿ ಹಬ್ಬಕ್ಕೆ ಉಡೋಣ ಅಂತ ಇಳಕಲ್ ಸೀರೆ ತೆಗೆದೆ. ಮಡಿಕೆಯ ಉದ್ದಕ್ಕೂ ಕಪ್ಪು ಚುಕ್ಕೆ! ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಹೊಸ ಮನೆಯ ವಾಸ್ತುಶಾಂತಿ ಆಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ. ವಾರ್ಡ್‌ರೋಬ್ ಹಿಂದೆ ಕೈ ಹಾಕಿದರೆ ಗೋಡೆ ತಣ್ಣಗೆ, ಬೆರಳಿಗೆಲ್ಲ ಬೂಸರು. ತಪ್ಪು ನಮ್ಮದೇ. ಅಕ್ಷಯ ತದಿಗೆಯ ಮುಹೂರ್ತ ತಪ್ಪಬಾರದು ಅಂತ ಗಿಲಾವು ಮುಗಿದ ಎರಡೇ ವಾರಕ್ಕೆ ಬಣ್ಣ ಹೊಡೆಸಿದ್ದೆವು.

ವಿಜಯಪುರದ ತಂಗಿ ಕೇಳಿ ನಕ್ಕಳು. ಅವಳ ಮನೆಗೆ ಬಿಸಿಲೇ ಔಷಧ. ನಮ್ಮದು ಘಟ್ಟದ ಸೆರಗು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗುವುದಿಲ್ಲ, ಅದರ ಮೇಲೆ ಹೊಸ ಗೋಡೆ ಕುಡಿದ ನೀರು ಬೇರೆ.

ಹಾಗಾಗಿ ಔಷಧದವರನ್ನು ಕರೆಸುವ ಮೊದಲು ಗೋಡೆ ಒಣಗಿದೆಯಾ ನೋಡಿ. ಕ್ಯೂರಿಂಗ್, ಅಂದರೆ ಗಿಲಾವು ಗಟ್ಟಿಯಾಗಲಿ ಅಂತ ನೀರು ಹಾಕುವುದು, ನಿಲ್ಲಿಸಿದ ಮೇಲೆ ಕಮ್ಮಿಯೆಂದರೂ 28 ದಿನ ಬಿಡಬೇಕು, ಮಳೆಗಾಲವಾದರೆ ಇನ್ನೂ ಜಾಸ್ತಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಿಡಿದು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಸಂಜೆ ಹಚ್ಚಿದ್ದನ್ನು ಮರುದಿನ ಮಧ್ಯಾಹ್ನ ಬಿಚ್ಚಿ. ನಮ್ಮ ಹಾಳೆ ಮೊದಲ ಸಲ ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ ಬೆವೆತಿತ್ತು. ಒಣ ಹಾಳೆ ಕೈಗೆ ಬರುವಷ್ಟರಲ್ಲಿ ದೀಪಾವಳಿ ಮುಗಿದಿತ್ತು.

ಬಿಳಿ ಪುಡಿ ಕಂಡರೆ ಸುಮ್ನೆ ಗಾಬರಿಯಾಗಬೇಡಿ. ನೀರು ಚಿಮುಕಿಸಿ ನೋಡಿ. ಕರಗಿದರೆ ಅದು ಸಿಮೆಂಟು, ಇಟ್ಟಿಗೆಗಳಿಂದ ಬಂದ ಉಪ್ಪು. ಅದಕ್ಕೆ ಈ ಔಷಧ ನಾಟುವುದಿಲ್ಲ.

ಬಂದವರು ಮೊದಲು ತೇವ ಅಳೆಯುವ ಮೀಟರ್ ತೆಗೆಯಬೇಕು. ಬಚ್ಚಲಿನ ಹೊರಗೋಡೆ, ಕಿಟಕಿಯ ಕೆಳಗೆ, ಸ್ಲ್ಯಾಬಿನ ಮೂಲೆ, ಇಷ್ಟನ್ನೂ ನೋಡಲೇಬೇಕು. ಮೀಟರ್ ಇಲ್ಲದೆ ಪಂಪ್ ಹಿಡಿದುಕೊಂಡು ಬಂದವರಿಗೆ ನಾನಂತೂ ಚಹಾ ಕೊಟ್ಟು ಕಳಿಸಿದೆ. ಸೋರಿಕೆ ಇದ್ದರೆ ಅದರ ರಿಪೇರಿ ಮೊದಲು. ಆಮೇಲೆ ಧೂಳು ಒರೆಸಿ, ಬೂಷ್ಟು ತಡೆಯುವ ದ್ರಾವಣ ಹಚ್ಚಿ, ಒಂದು ದಿನ ಒಣಗಲು ಬಿಟ್ಟು ಪ್ರೈಮರ್ ಹೊಡೆಯಲಿ. ವಾರ್ಡ್‌ರೋಬಿನ ಪ್ಲೈವುಡ್ ಬೆನ್ನಿಗೂ ಹಚ್ಚಿಸಿ. ಕಣ್ಣಿಗೆ ಬೀಳದ ಜಾಗ ಅಲ್ವಾ, ಹೇಳದಿದ್ದರೆ ಬಿಟ್ಟೇ ಬಿಡುತ್ತಾರೆ. ನನ್ನ ಸೀರೆ ಹಾಳಾಗಿದ್ದು ಅಲ್ಲಿಂದಲೇ.

ಆಗಲೇ ಬೂಷ್ಟು ಬಂದಿದ್ದರೆ ಒಣ ಬ್ರಷ್‌ನಿಂದ ಉಜ್ಜಬಾರದು, ಮನೆಯೆಲ್ಲ ಹಾರುತ್ತದೆ. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಬೇಕು. ಬ್ಲೀಚಿಂಗ್ ನೀರಿಗೆ ಬಾತ್‌ರೂಮ್ ಆಸಿಡ್ ಬೆರೆಸಲು ಯಾರಿಗೂ ಬಿಡಬೇಡಿ. ವಿಷದ ಗಾಳಿ ಏಳುತ್ತದೆ.

ಗ್ಯಾರಂಟಿ ಕಾಗದವನ್ನು ಪೂರ್ತಿ ಓದಿಯೇ ದುಡ್ಡು ಕೊಡಿ. ನಮ್ಮದರ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ನೀರು ಸೋರಿದರೆ ಗ್ಯಾರಂಟಿ ಇಲ್ಲ ಅಂತಿತ್ತು. ಈಗ ವಾರ್ಡ್‌ರೋಬ್ ಗೋಡೆಯಿಂದ ಎರಡಿಂಚು ಮುಂದೆ ನಿಂತಿದೆ. ಮಳೆ ಬಿಟ್ಟ ಮಧ್ಯಾಹ್ನಗಳಲ್ಲಿ ಬಾಗಿಲು ತೆರೆದು ಫ್ಯಾನ್ ಹಾಕುತ್ತೇನೆ.