6.5 ಎಂಎಲ್‌ಡಿ ಎಸ್‌ಬಿಆರ್: ತೊಟ್ಟಿಯ ಅಳತೆ ನಾನು ಹಾಕುವ ಕ್ರಮ

ಎಸ್‌ಬಿಆರ್ ಎಂದರೆ ಒಂದೇ ತೊಟ್ಟಿಯಲ್ಲಿ ಸರದಿಯಂತೆ ಕೊಳಚೆ ತುಂಬಿ, ಗಾಳಿ ಕೊಟ್ಟು, ಕೂರಿಸಿ, ಮೇಲಿನ ತಿಳಿನೀರು ತೆಗೆಯುವ ಶುದ್ಧೀಕರಣ ಘಟಕ; ಎಂಎಲ್‌ಡಿ ಎಂದರೆ ದಿನಕ್ಕೆ ದಶಲಕ್ಷ ಲೀಟರ್. ಅರವತ್ತು ಸಾವಿರ ಜನಸಂಖ್ಯೆಯ ಬಯಲುಸೀಮೆ ಪಟ್ಟಣವೊಂದನ್ನು ಇಟ್ಟುಕೊಂಡು ಲೆಕ್ಕ ತೋರಿಸುತ್ತೇನೆ. ಸಿಪಿಹೆಚ್‌ಇಇಒ (ಕೇಂದ್ರ ಸರ್ಕಾರದ ಸಾರ್ವಜನಿಕ ಆರೋಗ್ಯ ಎಂಜಿನಿಯರಿಂಗ್ ಸಂಸ್ಥೆ) ಕೈಪಿಡಿಯಂತೆ ತಲೆಗೆ 135 ಲೀಟರ್ ನೀರು, ಅದರಲ್ಲಿ ಶೇ. 80 ಒಳಚರಂಡಿಗೆ. ದಿನಕ್ಕೆ 6,480 ಘನ ಮೀಟರ್, ಸರಾಸರಿ ಗಂಟೆಗೆ 270. ಬಿಒಡಿ (ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ, ಅಂದರೆ ಕೊಳೆಯ ಅಳತೆ) ತಲೆಗೆ 27 ಗ್ರಾಂ, ಒಟ್ಟು 1,620 ಕೆಜಿ. ಸಾರಜನಕ 5.4 ಗ್ರಾಂನಂತೆ 324 ಕೆಜಿ. ಪೀಕ್ ಫ್ಯಾಕ್ಟರ್ (ಗರಿಷ್ಠ ಹರಿವು ಸರಾಸರಿಯ ಎಷ್ಟು ಪಟ್ಟು ಎಂಬುದು) 2.25, ಅಂದರೆ ಗಂಟೆಗೆ 607 ಘನ ಮೀಟರ್. ಜಾಲರಿ, ಗ್ರಿಟ್ (ಮರಳು) ತೊಟ್ಟಿ, ಒಳಹರಿವಿನ ಪಂಪು ಎಲ್ಲಕ್ಕೂ ಈ 607ನ್ನೇ ಹಿಡಿಯಬೇಕು.

ಬೆಳಗ್ಗೆ ಒಂದು ಬಾಟಲಿ ನೀರು ತುಂಬಿ ಲ್ಯಾಬಿಗೆ ಕಳಿಸಿದ ವರದಿಯನ್ನು ನಂಬಬೇಡಿ. 24 ಗಂಟೆಯ ಮಿಶ್ರ ಮಾದರಿ ಬೇಕು. ಅದೂ ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ.

ಮೊದಲು ಸ್ಲಡ್ಜ್, ಅಂದರೆ ಬ್ಯಾಕ್ಟೀರಿಯಾ ತುಂಬಿದ ಕೆಸರು. ಪ್ರಾಥಮಿಕ ತಿಳಿಗೊಳಿಸುವ ತೊಟ್ಟಿ ಇಲ್ಲದಿದ್ದರೆ ಕೆಜಿ ಬಿಒಡಿಗೆ 0.85 ಕೆಜಿ ಹಿಡಿಯುತ್ತೇನೆ: ದಿನಕ್ಕೆ 1,377 ಕೆಜಿ. ಸ್ಲಡ್ಜ್ ವಯಸ್ಸು (ಅದು ತೊಟ್ಟಿಯಲ್ಲಿ ಉಳಿಯುವ ಸರಾಸರಿ ಕಾಲ) 16 ದಿನ ಇಟ್ಟರೆ ತೊಟ್ಟಿಗಳಲ್ಲಿ ಸುಮಾರು 22,000 ಕೆಜಿ ಇರಬೇಕು. ತುಂಬಿದ ಮಟ್ಟದಲ್ಲಿ ಎಂಎಲ್‌ಎಸ್‌ಎಸ್ (ನೀರಿನಲ್ಲಿ ತೇಲುವ ಸ್ಲಡ್ಜಿನ ಸಾಂದ್ರತೆ) ಲೀಟರಿಗೆ 4 ಗ್ರಾಂ ಆದರೆ 5,500 ಘನ ಮೀಟರ್. ಎರಡು ತೊಟ್ಟಿ, ತಲಾ 2,750, ನೀರಿನ ಆಳ 5 ಮೀಟರ್, ವಿಸ್ತೀರ್ಣ 550 ಚದರ ಮೀಟರ್.

ಹೆಚ್ಚಿನ ವಿನ್ಯಾಸಗಳು ಇಲ್ಲಿಗೇ ನಿಂತುಬಿಡುತ್ತವೆ. ನಿಜವಾದ ಪರೀಕ್ಷೆ ಇರುವುದು ಮುಂದೆ.

ನಾಲ್ಕು ಗಂಟೆಯ ಸೈಕಲ್‌ನಲ್ಲಿ (ತುಂಬುವುದರಿಂದ ತಿಳಿನೀರು ತೆಗೆಯುವವರೆಗಿನ ಒಂದು ಸುತ್ತು) ಪ್ರತಿ ತೊಟ್ಟಿಗೆ ಎರಡು ಗಂಟೆ ನೀರು ಬರುತ್ತದೆ. ಪೀಕ್ ಹೊತ್ತಿನಲ್ಲಿ ಅದು 1,214 ಘನ ಮೀಟರ್, ತೊಟ್ಟಿಯ ಶೇ. 44. ಅಷ್ಟು ನೀರನ್ನು ಒಂದೇ ಸಲ ಮೇಲಿಂದ ತೆಗೆದರೆ ಸ್ಲಡ್ಜೂ ಜೊತೆಗೆ ಹೊರಡುತ್ತದೆ. ಹಾಗಾಗಿ ಮುಂದೆ 1,350 ಘನ ಮೀಟರಿನ ಸಮತೋಲನ ತೊಟ್ಟಿ ಇಡುತ್ತೇನೆ, ಸರಾಸರಿ ಹರಿವಿನ ಐದು ಗಂಟೆಯಷ್ಟು. ಅದರಲ್ಲಿ ಮಿಕ್ಸರ್ ಕಡ್ಡಾಯ. ಇಲ್ಲದಿದ್ದರೆ ತಳದಲ್ಲಿ ಕೊಳೆತು ನಾರುತ್ತದೆ. ಈಗ ಸೈಕಲ್‌ಗೆ 540 ಘನ ಮೀಟರ್, ಶೇ. 20. ಮಳೆಗೆಂದು ಒಂದೂವರೆ ಪಟ್ಟು, 810.

ಇನ್ನು ಸ್ಲಡ್ಜ್ ಕೂತ ಮೇಲಿನ ಎತ್ತರ. ಎಸ್‌ವಿಐ (ಅರ್ಧ ಗಂಟೆ ಕೂತ ಮೇಲೆ ಒಂದು ಗ್ರಾಂ ಸ್ಲಡ್ಜ್ ಹಿಡಿಯುವ ಜಾಗ, ಮಿಲಿಲೀಟರಿನಲ್ಲಿ) 120 ಇದ್ದಾಗ ಪದರ 2.4 ಮೀಟರಿಗೆ ಇಳಿಯುತ್ತದೆ. 810 ಘನ ಮೀಟರ್ ತೆಗೆದರೆ ನೀರು 1.47 ಮೀಟರ್ ಇಳಿದು 3.53ರಲ್ಲಿ ನಿಲ್ಲುತ್ತದೆ. ನಡುವೆ ಒಂದು ಮೀಟರಿಗೂ ಹೆಚ್ಚು ಅಂತರ. ತಂತುರೂಪಿ ಬ್ಯಾಕ್ಟೀರಿಯಾ ಹೆಚ್ಚಿ ಎಸ್‌ವಿಐ 200 ಮುಟ್ಟಿದರೆ ಪದರ 4 ಮೀಟರಿನಲ್ಲೇ ಉಳಿಯುತ್ತದೆ, ತಿಳಿನೀರು ತೆಗೆಯುವ ಡಿಕ್ಯಾಂಟರ್ ಸ್ಲಡ್ಜ್ ಎಳೆಯುತ್ತದೆ. ಆಗ ಮಾಡಬೇಕಾದದ್ದು ಎಂಎಲ್‌ಎಸ್‌ಎಸ್ ಇಳಿಸುವುದು, ಡಿಕ್ಯಾಂಟ್ ಪ್ರಮಾಣ ಕಡಿಮೆ ಮಾಡುವುದು. ಗಾಳಿ ಊದುವ ಬ್ಲೋವರ್ ಜೋರು ಮಾಡಿದರೆ ತಕ್ಷಣಕ್ಕೆ ಏನೂ ಆಗದು.

ಹೊರಹೋಗುವ ನೀರಿನಲ್ಲಿ ಒಟ್ಟು ಸಾರಜನಕ ಲೀಟರಿಗೆ 10 ಮಿಗ್ರಾಂ ಒಳಗೆ ಬೇಕೆಂದರೂ ಈ ಶೇ. 20 ನೆರವಾಗುತ್ತದೆ. ನೈಟ್ರೇಟ್ ಆಗುವ ಸಾರಜನಕ ಸುಮಾರು 230 ಕೆಜಿ, ಲೀಟರಿಗೆ 35 ಮಿಗ್ರಾಂ. ಹಿಂದಿನ ಸೈಕಲ್‌ನಲ್ಲಿ ಉಳಿದ ನೈಟ್ರೇಟ್ ಪೂರ್ತಿ ಸಾರಜನಕ ಅನಿಲವಾಗಿ ಹೋದರೆ ಹೊರಹೋಗುವುದು ಅದರ ಐದನೇ ಒಂದು ಭಾಗ, 7 ಮಿಗ್ರಾಂ. ಇದಕ್ಕೆ 540 ಘನ ಮೀಟರನ್ನು ಮೊದಲ ಒಂದು ಗಂಟೆಯಲ್ಲೇ ತುಂಬಿಸಿ, ಮೊದಲ ಅರ್ಧ ಗಂಟೆ ಗಾಳಿ ನಿಲ್ಲಿಸಿ ಮಿಕ್ಸರ್ ಮಾತ್ರ ಓಡಿಸಬೇಕು. ನಂತರ ಒಂದೂವರೆ ಗಂಟೆ ಗಾಳಿ, ಒಂದು ಗಂಟೆ ಕೂರಲು, ಒಂದು ಗಂಟೆ ಡಿಕ್ಯಾಂಟ್.

ಒಂದು ಮಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು 7.14 ಮಿಗ್ರಾಂ ಕ್ಷಾರತೆ ಖರ್ಚಾಗುತ್ತದೆ: ಇಲ್ಲಿ 250ರ ಆಸುಪಾಸು. ಬೋರ್‌ವೆಲ್ ಗಡಸು ನೀರಿನ ಊರಲ್ಲಿ ಚಿಂತೆಯಿಲ್ಲ. ಮಲೆನಾಡು, ಕರಾವಳಿಯ ಮೆದು ನೀರಾದರೆ ಪಿಹೆಚ್ ಕುಸಿಯಬಹುದು. ಸುಣ್ಣ ಹಾಕುವ ಏರ್ಪಾಡು ನಕ್ಷೆಯಲ್ಲೇ ಇರಲಿ.

ಗಾಳಿಯ ಲೆಕ್ಕ: ಬಿಒಡಿಗೆ 1,866 ಕೆಜಿ ಆಮ್ಲಜನಕ, ಸಾರಜನಕಕ್ಕೆ 1,058. ಎರಡೂ ತೊಟ್ಟಿ ಸೇರಿ ದಿನಕ್ಕೆ ಗಾಳಿ ಸಿಗುವುದು 18 ಗಂಟೆ ಮಾತ್ರ, ಆದ್ದರಿಂದ ಗಂಟೆಗೆ 162 ಕೆಜಿ. 24ರಿಂದ ಭಾಗಿಸಿದ ಲೆಕ್ಕ ಕಂಡರೆ ಆ ಹಾಳೆಯನ್ನು ಹಿಂದಿರುಗಿಸಿ. ಕೊಳಚೆಯಲ್ಲಿ ಡಿಫ್ಯೂಸರ್ (ತಳದಿಂದ ಗಾಳಿಗುಳ್ಳೆ ಬಿಡುವ ಸಾಧನ) ಶುದ್ಧ ನೀರಿನ ಶೇ. 40ರಷ್ಟೇ ಕೆಲಸ ಮಾಡುತ್ತದೆಂದು ಹಿಡಿದರೆ ಗಂಟೆಗೆ ಸುಮಾರು 5,400 ಘನ ಮೀಟರ್ ಗಾಳಿ, 0.6 ಬಾರ್. ಇದು 20 ಡಿಗ್ರಿ, ಸಮುದ್ರಮಟ್ಟದ ಅಂಕಿ. 650 ಮೀಟರ್ ಎತ್ತರದಲ್ಲಿ, 40 ಡಿಗ್ರಿ ಬಿಸಿಲಿಗೆ ಶೇ. 15 ಹೆಚ್ಚು ಬೇಕು. ಕೊಟೇಶನ್‌ನಲ್ಲಿ ಇದು ಯಾವ ಸ್ಥಿತಿಯ ಗಾಳಿ ಎಂದು ಬರೆಸಿಕೊಳ್ಳಿ. ಎರಡು ಓಡುವ ಬ್ಲೋವರ್, ಒಂದು ಸ್ಟ್ಯಾಂಡ್‌ಬೈ, ಮೂರಕ್ಕೂ ವಿಎಫ್‌ಡಿ (ಮೋಟರಿನ ವೇಗ ಏರಿಸಿ ಇಳಿಸುವ ಸಾಧನ). ಮನೆ ಸಂಪರ್ಕ ಪೂರ್ತಿಯಾಗದ ಮೊದಲ ವರ್ಷಗಳಲ್ಲಿ ಒಂದೇ ತೊಟ್ಟಿ, ಒಂದೇ ಬ್ಲೋವರ್ ಸಾಕು.

ಹೊರತೆಗೆಯುವ ಸ್ಲಡ್ಜ್ ಶೇ. 1ರ ಗಟ್ಟಿಯಾದರೆ ದಿನಕ್ಕೆ 138 ಘನ ಮೀಟರ್. ಒಂದೇ ಪಾಳಿಗೆ ಗಂಟೆಗೆ 17 ಘನ ಮೀಟರಿನ ಸೆಂಟ್ರಿಫ್ಯೂಜ್ (ತಿರುಗಿಸಿ ಸ್ಲಡ್ಜಿನ ನೀರು ತೆಗೆಯುವ ಯಂತ್ರ) ಬೇಕು, ಪಕ್ಕದಲ್ಲಿ ಇನ್ನೊಂದು. ಅದು ಕೆಟ್ಟು ವಾರ ನಿಂತರೆ ಹತ್ತು ಟನ್ನಿನಷ್ಟು ಒಣ ಸ್ಲಡ್ಜ್ ತೊಟ್ಟಿಯಲ್ಲೇ ಕೂಡಿ ಎಂಎಲ್‌ಎಸ್‌ಎಸ್ ಆರು ಗ್ರಾಂ ಸಮೀಪಕ್ಕೆ ಏರುತ್ತದೆ.