ಕೆರಿ ತಳದಾಗ ಹೂಳೆಷ್ಟು, ನೀರು ಎಲ್ಲಿ ಜಿನುಗ್ತದ: ಕರೆಂಟ್ ಬಿಟ್ಟು ನೋಡೋದು ಹೆಂಗ?

ಪುಣೆದಾಗಿರೋ ನಮ್ಮ ಮಂದಿ ಪಾಷಾಣ ಕೆರಿ ದಂಡಿಗೆ ವಾಕಿಂಗ್ ಹೋದಾಗೆಲ್ಲಾ ಒಂದೇ ಮಾತು, "ಹೂಳು ತೆಗಿಬೇಕ್ರೀ". ತೆಗಿಬೇಕು ಖರೆ, ಆದ್ರ ಹೂಳು ಎಷ್ಟು ದಪ್ಪ ಅದ, ಅದರ ಕೆಳಗ ಜೇಡಿಯೋ ಮುರುಮೋ (ಸವೆದು ಸಡಲಾದ ಕಲ್ಲು) ಕರಿಕಲ್ಲೋ, ಕೆರಿ ನೀರು ಯಾವ ಜಾಗದಾಗ ಇಳಿದು ಸುತ್ತಲಿನ ಬೋರಿಗೆ ಹೋಗ್ತದ, ಇದನ್ನ ನೋಡದೇ ಜೆಸಿಬಿ ಇಳಿಸಬಾರದು. ನೋಡಾಕ ಒಂದು ಚಲೋ ದಾರಿ ಅಂದ್ರ ರೆಸಿಸ್ಟಿವಿಟಿ ಸರ್ವೆ, ಅಂದ್ರ ನೆಲಕ್ಕ ಕರೆಂಟ್ ಬಿಟ್ಟು ಅದನ್ನ ನೆಲ ಎಷ್ಟು ತಡೀತದ ಅಂತ ಅಳೆಯೋದು.

ಮೊದಲು ದಂಡಿ ಮ್ಯಾಲೆ ಕಲೀರಿ. ನಾಕು ಸ್ಟೀಲ್ ಸಲಾಕಿ ಒಂದೇ ಸಾಲಿನಾಗ ಸಮ ಅಂತರಕ್ಕ ಹೊಡೀರಿ, ಹೊರಗಿನ ಎರಡಕ್ಕ ಕರೆಂಟ್ ಕೊಡ್ರಿ, ಒಳಗಿನ ಎರಡರ ನಡುವಿನ ವೋಲ್ಟೇಜ್ ಅಳೀರಿ. ವೋಲ್ಟೇಜನ್ನ ಕರೆಂಟಿನಿಂದ ಭಾಗಿಸಿ, ಅದಕ್ಕ 2 × 3.14 × ಅಂತರ ಗುಣಿಸಿದ್ರ ಓಂ-ಮೀಟರಿನಾಗ ನೆಲದ ರೆಸಿಸ್ಟಿವಿಟಿ ಸಿಗ್ತದ. ಅಂತರ 5 ಮೀಟರ್, ಭಾಗಿಸಿದ್ದು 0.8 ಓಂ ಬಂದ್ರ ಸುಮಾರು 25. ಇದು ವೆನ್ನರ್ ಪದ್ಧತಿ. ಸಲಾಕಿ ಅಂತರದ ಹೆಚ್ಚುಕಡಿಮಿ ಅರ್ಧದಷ್ಟು ಆಳದ ಸುದ್ದಿ ಇದು ಹೇಳ್ತದ, ಆಳ ಬೇಕಾದ್ರ ಸಾಲು ಉದ್ದ ಮಾಡಬೇಕು. 48 ಸಲಾಕಿ 2 ಮೀಟರಿಗೊಂದು ಹೂಡಿದ್ರ 94 ಮೀಟರ್ ಸಾಲು, ಮಷೀನು ಅದರಾಗ ನಾಕ್ನಾಕು ಸಲಾಕಿ ಆರಿಸಿ ಅಳೀತಾ ಹೋದ್ರ ಸುಮಾರು 15 ಮೀಟರ್ ಆಳದ ಚಿತ್ರ ಬರ್ತದ.

ನೀರಿನ ಮ್ಯಾಲೆ ಹೋಗೋದಾದ್ರ ದೋಣಿ ಹಿಂದ ತೇಲೋ ಕೇಬಲ್ ಎಳೀತಾರ, ಇಲ್ಲಾ ಕೇಬಲನ್ನ ತಳಕ್ಕ ಬಿಡ್ತಾರ. ನೀರು ಆಳ ಇದ್ದಲ್ಲಿ ತಳಕ್ಕ ಬಿಡೋದೇ ಚಲೋ, ಇಲ್ಲಾಂದ್ರ ಕರೆಂಟ್ ನೀರಿನಾಗೇ ಹರಿದು ಹೋಗಿ ಕೆಳಗಿನದು ಮಸಕಾಗ್ತದ. ಎರಡರಾಗೂ ಪ್ರತಿ ಜಾಗದ ನೀರಿನ ಆಳ ಹಗ್ಗ-ಗುಂಡು ಬಿಟ್ಟಾದ್ರೂ ಬರಕೊಳ್ರಿ. ಜಲಪರ್ಣಿ (ನೀರಿನ ಮ್ಯಾಲೆ ತೇಲೋ ಕಳೆ) ಬೆಳೆದ ಜಾಗದಾಗ ಕೇಬಲ್ ಸಿಕ್ಕೊಂತದ, ಬ್ಯಾಸಿಗಿಯಾಗ ತೆಗಿಸಿದ ಮ್ಯಾಲೆ ಹೋಗ್ರಿ.

ಈಗ ಭಾಳ ಮಂದಿ ಬಿಟ್ಟುಬಿಡೋ ಕೆಲಸ, ಆದ್ರ ನನಗ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಇದೇ: ಕೆರಿ ನೀರನ್ನೇ ಅಳೀರಿ. ಇಸಿ ಮೀಟರ್ (ನೀರಿನಾಗ ಕರೆಂಟ್ ಎಷ್ಟು ಸಲೀಸಾಗಿ ಹರೀತದ ಅಂತ ಅಳೆಯೋದು) ಸೆಂಟಿಮೀಟರಿಗೆ 1000 ಮೈಕ್ರೋಸೀಮೆನ್ಸ್ ತೋರಿಸಿದ್ರ ಆ ನೀರಿನ ರೆಸಿಸ್ಟಿವಿಟಿ 10 ಓಂ-ಮೀಟರ್, 500 ತೋರಿಸಿದ್ರ 20. ಒದ್ದಿ ಜೇಡಿನೂ 10ರ ಹತ್ತಿರನೇ ಇರ್ತದ! ಗಟಾರದ ನೀರು ಸೇರೋ ಕೆರಿಯಾಗ ಕಡಿಮಿ ನಂಬರ್ ಬಂದ್ರ ಅದು ಜೇಡಿನೋ, ಉಪ್ಪಿನಂಶ ಹೆಚ್ಚಿದ ನೀರು ತುಂಬಿದ ಉಸುಕೋ, ಬರೇ ನಂಬರಿನಿಂದ ಹೇಳಾಕ ಆಗೂದಿಲ್ಲ. ಅದಕ್ಕ ಎರಡ್ಮೂರು ಕಡೆ ಕೈ ಆಗರ್ (ಕೈಲೆ ತಿರುವಿ ಮಣ್ಣು ತೆಗೆಯೋ ಬೈರಿಗಿ) ಇಳಿಸಿ ಕೆಸರು ತೆಗೀರಿ, ಬೆರಳಿನಾಗ ತಿಕ್ಕಿ ನೋಡ್ರಿ, ಅಂಟ್ತದೋ ಉದುರ್ತದೋ. ನಮ್ಮ ದಖ್ಖನ್ ಬಸಾಲ್ಟಿನಾಗ ಮುರುಮು ಸುಮಾರಾಗಿ 20ರಿಂದ 50 ಓಂ-ಮೀಟರ್, ಗಟ್ಟಿ ಕರಿಕಲ್ಲು ನೂರು ದಾಟಿ ಹೋಗ್ತದ. ಗಟ್ಟಿ ಕಲ್ಲಿನ ಮ್ಯಾಲೆ ಕೂತ ಸೀಳು ಬಿಟ್ಟ ಪದರದಾಗ ನೀರು ಅಡ್ಡಕ್ಕ ಹರೀತದ, ಗುಡ್ಡದ ಬುಡದಾಗ ಒರತಿ ಹುಟ್ಟೋದು ಬಹಳ ಸಲ ಹಿಂಗ.

ರೆಸಿಸ್ಟಿವಿಟಿ ದಾರಿ ತೋರಿಸ್ತದ, ನೀರು ಹರಿಯೋದನ್ನ ಅಳಿಯೂದಿಲ್ಲ. ಚಿತ್ರದಾಗ ಸಂಶಯ ಬಂದ ಜಾಗದಾಗ ಡ್ರಮ್ಮಿನ ಒಂದು ತುದಿ ಕೊಯ್ದು ಬೋರಲು ಹಾಕಿ ಕೆಸರಿನಾಗ ಒತ್ರಿ, ಮ್ಯಾಲಿನ ತೂತಿಗೆ ಪೈಪಿನಿಂದ ಪ್ಲಾಸ್ಟಿಕ್ ಚೀಲ ಕಟ್ರಿ, ಚೀಲದಾಗ ಅಳತಿ ಮಾಡಿ ಒಂದು ಲೀಟರ್ ನೀರು ಹಾಕಿರ್ರಿ. ಡ್ರಮ್ಮಿನ ಬಾಯಿ ಕಾಲು ಚದರ ಮೀಟರ್ ಇದ್ದು, 4 ತಾಸಿನಾಗ ಅರ್ಧ ಲೀಟರ್ ಕಡಿಮಿ ಆದ್ರ, ದಿನಕ್ಕ 12 ಮಿಲಿಮೀಟರ್ ನೀರು ತಳದಿಂದ ಇಳೀಲಿಕ್ಕತ್ತದ ಅಂತ ಲೆಕ್ಕ. ಚೀಲ ಉಬ್ಬಿದ್ರ ಅಂತರ್ಜಲನೇ ಕೆರಿಗೆ ಬರಾಕತ್ತದ.

ಪಾಲಿಕೆ ಪರವಾನಗಿ, ಲೈಫ್ ಜಾಕೆಟ್ ಬೇಕೇ ಬೇಕು. ಮಷೀನಿನ ವೋಲ್ಟೇಜ್ ನೂರಾರು ಇರ್ತದ, ಅದು ಓಡೂಮಟಾ ಯಾರೂ ನೀರಿಗಿಳಿಬಾರದು, ದನಕರಾ ಕೂಡ.

ಸಾಲಿನ ಎರಡೂ ತುದಿಗೆ ಗಟ್ಟಿ ಗೂಟ ಹೊಡೆದು ಜಿಪಿಎಸ್ ಬರೆದಿಟ್ಟುಕೊಳ್ರಿ, ಅದೇ ಸಾಲನ್ನ ಮೇದಾಗ ಒಮ್ಮೆ, ಮಳಿ ಮುಗಿದು ಅಕ್ಟೋಬರದಾಗ ಒಮ್ಮೆ ಮಾಡ್ರಿ. ನೀರಿನ ಉಷ್ಣತೆನೂ ಬರೀರಿ, ಯಾಕಂದ್ರ ಒಂದು ಡಿಗ್ರಿಗೆ ಸುಮಾರು ಶೇ 2 ಲೆಕ್ಕ ಬದಲಾಗ್ತದ, ಅದನ್ನ ತೆಗೆದ ಮ್ಯಾಲೆ ಉಳಿದ ವ್ಯತ್ಯಾಸನೇ ನೋಡಬೇಕಾದ್ದು.